ಎಳ್ಳ ಅಮಾವಾಸ್ಯೆಯ ಮೂವತ್ತೆಂಟು ಮೈಲು

ಮುನ್ಶಿಯವರ ಕನ್ನಡಕಕ್ಕೆ ಬಲಗಡೆಯ ಕಡ್ಡಿ ಇರಲಿಲ್ಲ. ಅದರ ಜಾಗದಲ್ಲಿ ಕಪ್ಪು ನೂಲು ಕಟ್ಟಿ ಕಿವಿಗೆ ಎರಡು ಸುತ್ತು ಹಾಕಿಕೊಳ್ಳುತ್ತಿದ್ದರು. ಆ ದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಿ ರಂಗೋಲಿಯ ಡಬ್ಬಿ ಎತ್ತಿಕೊಳ್ಳುವ ಹೊತ್ತಿಗೆ ಅವರು ಆಗಲೇ ನಮ್ಮ ಕಾರಿನ ಬಾಗಿಲು ತೆಗೆದು, ಅರ್ಧ ಮೈ ಒಳಗೆ ಅರ್ಧ ಮೈ ಹೊರಗೆ ಇಟ್ಟುಕೊಂಡು, ಧೋತರದ ಚುಂಗಿನಿಂದ ಮೀಟರಿನ ಗಾಜು ಒರೆಸುತ್ತಿದ್ದರು. ನೂಲು ಸಡಿಲಾಗಿ ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಒಂದೊಂದೇ ಅಂಕಿಯನ್ನು ಮೊದಲು ತಮ್ಮಷ್ಟಕ್ಕೆ ಉರ್ದುವಿನಲ್ಲಿ ಓದಿಕೊಂಡರು, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಡೈರಿಯಲ್ಲಿ ಬರೆದೆ.

ಬಸವಕಲ್ಯಾಣದಿಂದ ಹೊರಡುವ ಮೊದಲ ಬಸ್ಸು ಹಿಡಿದು ಹುಮನಾಬಾದಿಗೆ ಬಂದಿದ್ದರು. ಎಂದಿನ ಹಾಗೆ ಪಡಸಾಲೆಯ ಜಮಖಾನದ ಮೇಲೆ ಕುಳಿತು, ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು, ಮೂರು ಸಲ ಊದಿ ಕುಡಿದರು. ತಳದಲ್ಲಿ ಒಂದು ಗುಟುಕು ಬಿಟ್ಟರು. ಯಾಕೆ ಬಿಡುತ್ತೀರಿ ಎಂದು ಮೊದಮೊದಲು ಕೇಳಿದ್ದಕ್ಕೆ, ಕಚೇರಿಯಲ್ಲಿದ್ದಾಗ ಸಾಹೇಬರು ಕರೆದರೆಂದು ಚಹಾ ಅರ್ಧಕ್ಕೇ ಬಿಟ್ಟು ಏಳುವ ರೂಢಿಯಾಗಿತ್ತು, ಸಾಹೇಬರು ಹೋದರು, ರೂಢಿ ಉಳಿಯಿತು ಎಂದಿದ್ದರು.

ಆ ದಿನ ನಮ್ಮವರು ಮುನ್ಶಿಯವರನ್ನು ಕರೆದುಕೊಂಡು ಗುಲ್ಬರ್ಗಾದ ತೆರಿಗೆ ಕಚೇರಿಗೆ ಹೋಗಬೇಕಿತ್ತು. ಕಾರಿನ ಡೈರಿ ತೋರಿಸಿರಿ ಎಂದು ನೋಟೀಸು ಬಂದಿತ್ತು. ಹೊರಡುವುದಕ್ಕೆ ಮುಂಚೆ ನಾನೂ ಮುನ್ಶಿಯವರೂ ಕೂಡಿ ಮಾಡಬೇಕಾದ ಒಂದು ಕೆಲಸ ಉಳಿದಿತ್ತು. ಅದನ್ನು ಅವರು ಮುಕಾಬಲಾ ಎನ್ನುತ್ತಿದ್ದರು. ಆ ಕೆಲಸದಲ್ಲಿ ನಾನು ಮಾಡಿದ್ದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅವರು ಯಾರು, ನಮ್ಮ ಮನೆಗೆ ಹೇಗೆ ಬಂದರು ಎಂಬುದನ್ನು ಹೇಳದೆ ಅದನ್ನು ಹೇಳಿದರೆ ಯಾರಿಗೂ ಅದರ ಭಾರ ತಿಳಿಯುವುದಿಲ್ಲ.

ನಿಜಾಮರ ಕಾಲದಲ್ಲಿ ಅವರು ತಹಸೀಲಿನಲ್ಲಿ ಕಾಗದಗಳ ನಕಲು ಮಾಡುವ ಮುನ್ಶಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಬದಲಾಯಿತು. ಆ ಕಡೆಯಿಂದ ಬಂದ ಸಾಹೇಬರಿಗೆ ಇವರ ಅಕ್ಷರ ತಿಳಿಯದು, ಇವರಿಗೆ ಅವರ ಇಂಗ್ಲಿಷ್ ಬೆರೆತ ಮಾತು ತಿಳಿಯದು. ‘‘ಇಷ್ಟ ವರ್ಷ ಬಲದಿಂದ ಎಡಕ್ಕ ಬರದ ಕೈಗಿ, ನಾಳಿಂದ ಎಡದಿಂದ ಬಲಕ್ಕ ಬರಿ ಅಂದ್ರ ಹ್ಯಾಂಗ್ರಿ ಬಾಯಿ?’’ ಎಂದು ನಗುತ್ತಲೇ ಹೇಳುತ್ತಿದ್ದರು; ನನ್ನನ್ನು ಅವರು ಗೌರವದಿಂದ ಬಾಯಿ ಎಂದೇ ಕರೆಯುತ್ತಿದ್ದರು. ನೌಕರಿ ಬಿಟ್ಟು ಮನೆಯ ಕಟ್ಟೆಯ ಮೇಲೆ ಒಂದು ತಗಡಿನ ಟ್ರಂಕು ಇಟ್ಟುಕೊಂಡು ಕುಳಿತರು. ಕನ್ನಡ ಬರಹವನ್ನೂ, ವ್ಯಾಪಾರಸ್ಥರ ತೆರಿಗೆಯ ಕಾಗದ ಬರೆದುಕೊಡುವುದನ್ನೂ ತಾವೇ ಕಲಿತರು. ಒಂದು ಹಳೆಯ ನಿಘಂಟು ಇಟ್ಟುಕೊಂಡು ಇಂಗ್ಲಿಷಿನ ಕಾಯ್ದೆ ಓದಿದರು. ನಲವತ್ತು ದಾಟಿದ ಮೇಲೆ ಮಾಡಿದ ಓದು ಅದು. ನಾನು ನೋಡುವಷ್ಟರಲ್ಲಿ ಹುಮನಾಬಾದು, ಚಿಟಗುಪ್ಪದ ಅಂಗಡಿಕಾರರು ಕೂಡ ತಮ್ಮ ಕಾಗದವನ್ನು ಅವರ ಕೈಯಲ್ಲೇ ಕೊಡುತ್ತಿದ್ದರು. ಅವರ ಸಹಿ ಇದ್ದರೆ ಗುಲ್ಬರ್ಗಾದವರು ಹೆಚ್ಚು ಕೆದಕುವುದಿಲ್ಲ ಎಂದು ಪೇಟೆಯಲ್ಲಿ ಮಾತಿತ್ತು. ಆ ಮಾತೇ ಅವರ ಆಸ್ತಿ. ಹೊಲವೆಲ್ಲ ಮೋರಖಂಡಿಯಲ್ಲಿದ್ದ ತಮ್ಮನ ಹೆಸರಿನಲ್ಲಿತ್ತು.

ನಾನು ಸಿಕಂದರಾಬಾದಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು. ಸಿಸ್ಟರುಗಳು ನನಗೆ ಚಂದದ ಇಂಗ್ಲಿಷ್ ಅಕ್ಷರ ಕಲಿಸಿದ್ದರು. ಕನ್ನಡವನ್ನು ಅವ್ವನ ಜೊತೆ ಆಡುತ್ತಿದ್ದೆನೇ ಹೊರತು ಬರೆಯಲು ಬರುತ್ತಿರಲಿಲ್ಲ. ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ ಮುನ್ಶಿಯವರೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಅವರ ಇಂಗ್ಲಿಷ್ ಕಾಗದ ನಾನು ತಿದ್ದುವುದು, ನನ್ನ ಕನ್ನಡ ಅವರು ತಿದ್ದುವುದು. ಅವರ ಪ್ರತಿಯೊಂದು ಕಾಗದದ ಆರಂಭದಲ್ಲಿ ಮೂರು ಸಾಲು ಸಲಾಮು ಇರುತ್ತಿತ್ತು. ನಾನು ಎರಡು ಸಾಲು ಹೊಡೆದುಹಾಕುತ್ತಿದ್ದೆ. ಮುಂದಿನ ಸಲ ಮತ್ತೆ ಮೂರು. ನನ್ನ ಒತ್ತಕ್ಷರಗಳಿಗೆ ಅವರು ಕೆಂಪು ಪೆನ್ಸಿಲಿನಿಂದ ಸಣ್ಣ ಸೊನ್ನೆ ಹಾಕುತ್ತಿದ್ದರು, ಎಂದೂ ತಪ್ಪು ಎನ್ನುತ್ತಿರಲಿಲ್ಲ. ‘‘ಇಲ್ಲಿ ಒಂದ್ ಸಾರಿ ನೋಡ್ರಿ ಬಾಯಿ’’ ಎನ್ನುವುದಷ್ಟೇ. ಈಗ ಬರೆಯುತ್ತಿರುವ ಈ ಕನ್ನಡ ಆ ಸೊನ್ನೆಗಳಿಂದ ಬಂದದ್ದು.

ನಮ್ಮವರು ನೀರೆತ್ತುವ ಪಂಪು ಮಾರುವ ಒಂದು ಕಂಪನಿಯಲ್ಲಿದ್ದರು. ಹಳ್ಳಿಹಳ್ಳಿಯ ಸೊಸೈಟಿಗಳಿಗೆ, ಅಂಗಡಿಗಳಿಗೆ ತಿರುಗುವ ಕೆಲಸ. ಸ್ವಂತ ಕಾರು ಇದ್ದವರಿಗೇ ಆ ಹುದ್ದೆ ಎಂದು ಕಂಪನಿ ಹೇಳಿದ್ದರಿಂದ, ನನ್ನ ಅಣ್ಣನಲ್ಲಿ ಸಾಲ ಮಾಡಿ ಬೂದು ಬಣ್ಣದ ಒಂದು ಹಳೆಯ ಕಾರು ಕೊಂಡಿದ್ದರು. ಅದಕ್ಕೆಂದು ಕಂಪನಿ ತಿಂಗಳಿಗಿಷ್ಟು ಕಾರು ಭತ್ಯೆ ಕೊಡುತ್ತಿತ್ತು. ಮೊದಲ ವರ್ಷ ನಮ್ಮವರು ಆ ಭತ್ಯೆ ತೆರಿಗೆಯ ಲೆಕ್ಕಕ್ಕೆ ಬರುವುದೇ ಇಲ್ಲ ಎಂದುಕೊಂಡಿದ್ದರು. ಮುನ್ಶಿಯವರು ಬಂದು ಕುಳಿತು ತಿಳಿಸಿ ಹೇಳಿದರು.

‘‘ಭತ್ಯೆ ಅಂದ್ರ ಪಗಾರಿನ ತಮ್ಮ, ಸಾಹೇಬ್ರ. ತೆರಿಗೆಯವ್ರು ಅಣ್ಣಗೂ ಹಿಡೀತಾರ, ತಮ್ಮಗೂ ಹಿಡೀತಾರ. ಕಂಪನಿ ಕೆಲ್ಸಕ್ಕ ಕಾರ ಎಷ್ಟ ಓಡ್ಯಾದ ತೋರ್ಸಿದ್ರಿ ಅಂದ್ರ ಅಷ್ಟರ ಖರ್ಚು ಬಿಡ್ತಾರ. ಪೆಟ್ರೋಲು, ಟೈರು, ರಿಪೇರಿ, ಸವಕಳಿ ಎಲ್ಲಾದ್ರಾಗೂ. ಮನಿ ಕೆಲ್ಸಕ್ಕ ಓಡಿದ್ದು ಬಿಡಂಗಿಲ್ಲ. ಅದು ನಿಮ್ಮದು.’’

ಹೇಗೆ ತೋರಿಸುವುದು ಎಂದು ನಮ್ಮವರು ಕೇಳಿದರು. ಅದಕ್ಕೇ ಡೈರಿ. ಎಲ್ಲಿಂದ ಎಲ್ಲಿಗೆ, ಹೊರಟಾಗ ಮೀಟರು ಎಷ್ಟು, ಬಂದಾಗ ಎಷ್ಟು, ಏನು ಕೆಲಸ, ಗೆರೆ ಎಳೆದ ಕೊನೆಯ ಮನೆಯಲ್ಲಿ ಕಂಪನಿ ಅಥವಾ ಖಾಸಗಿ. ಅದನ್ನು ಅದೇ ದಿನ, ಸಾಧ್ಯವಾದರೆ ಕಾರು ನಿಂತ ಜಾಗದಲ್ಲೇ ಬರೆಯಬೇಕು. ವಾರದ್ದು ಕೂಡಿಸಿ ಒಂದೇ ದಿನ ಬರೆದರೆ ಅಕ್ಷರವೇ ಹೇಳಿಬಿಡುತ್ತದೆ ಎನ್ನುತ್ತಿದ್ದರು. ನಮ್ಮವರಿಗೆ ಅಷ್ಟು ತಾಳ್ಮೆ ಎಲ್ಲಿ? ಡೈರಿ ನನ್ನ ಪಾಲಿಗೆ ಬಂತು. ಸಂಜೆ ಕಾರಿನ ಸದ್ದು ಕೇಳಿದರೆ ಅಡುಗೆಮನೆಯಿಂದ ಪೆನ್ಸಿಲು ಹಿಡಿದು ಓಡುತ್ತಿದ್ದೆ. ದುಬಲಗುಂಡಿ, ಚಿಟಗುಪ್ಪ, ಮತ್ತೆ ದುಬಲಗುಂಡಿ. ನಾನು ನೋಡದ ಊರುಗಳೆಲ್ಲ ನನಗೆ ಮೈಲುಗಳಲ್ಲಿ ಗೊತ್ತಾದವು.

ಪ್ರತಿ ತಿಂಗಳ ಮೊದಲ ದಿನ ಅವರು ಬಂದು ಮೀಟರು ಓದಿ ಡೈರಿ ನೋಡಿ ಹೋಗುತ್ತಿದ್ದರು. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋಗುವುದನ್ನು ನೋಡಲಾಗದೆ ನಮ್ಮವರು ಬಿಟ್ಟುಬರುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. ‘‘ಅರ್ಧ ಮೈಲಿಗಿ ಬಾಯಿ ಮತ್ತ ಒಂದ ಸಾಲು ಖಾಸಗಿ ಬರೀಬೇಕಾಗ್ತದ. ನಡೀತೀನಿ, ಬಿಡ್ರಿ’’ ಎಂದು ಬಗಲಲ್ಲಿ ಹಳದಿ ಚೀಲ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದರು. ನಮಗೆ ಅದು ನಗುವ ವಿಷಯವಾಗಿತ್ತು. ನಮ್ಮವರು ಊಟದ ಹೊತ್ತಿನಲ್ಲಿ ಅವರ ದನಿ ಅನುಕರಿಸಿ, ಎರಡನೇ ರೊಟ್ಟಿ ಕಂಪನಿಯೋ ಖಾಸಗಿಯೋ ಎಂದು ಕೇಳುತ್ತಿದ್ದರು. ನಾನು ನಕ್ಕು ತುಪ್ಪ ಹಾಕುತ್ತಿದ್ದೆ.

ಒಂದು ವರ್ಷ ಚಳಿಗಾಲದಲ್ಲಿ ನನ್ನ ಅವ್ವ ಕಾಯಿಲೆ ಬಿದ್ದಳು. ಆಗ ಗುಲ್ಬರ್ಗಾದಲ್ಲಿ ಅಣ್ಣನ ಮನೆಯಲ್ಲಿದ್ದಳು. ವಾರಕ್ಕೊಮ್ಮೆಯಾದರೂ ನಮ್ಮವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಡೈರಿಯ ಕೊನೆಯ ಮನೆಯಲ್ಲಿ ಖಾಸಗಿ, ಖಾಸಗಿ, ಖಾಸಗಿ ಎಂದು ನನ್ನದೇ ಅಕ್ಷರದಲ್ಲಿ ತುಂಬುತ್ತಾ ಹೋಯಿತು. ಒಂದು ಸಂಜೆ ನಮ್ಮವರು ಹಾಳೆ ತಿರುವುತ್ತಾ, ‘‘ಕಾರ ಕಂಪನಿದಲ್ಲ, ನಿಂದೇ ಅದ ನೋಡು’’ ಎಂದರು. ಸಿಟ್ಟಿನಿಂದಲ್ಲ, ಸುಮ್ಮನೆ. ಆದರೆ ಆ ಮಾತು ನನ್ನಲ್ಲಿ ಹುಳಿಯ ಹಾಗೆ ಕುಳಿತುಕೊಂಡಿತು.

ಅದೇ ಚಳಿಗಾಲದಲ್ಲಿ ಎಳ್ಳ ಅಮಾವಾಸ್ಯೆ ಬಂತು. ಮುನ್ಶಿಯವರು ನಮ್ಮನ್ನು ಮೋರಖಂಡಿಯ ತಮ್ಮನ ಹೊಲಕ್ಕೆ ಊಟಕ್ಕೆ ಕರೆದರು. ಅದು ನಮ್ಮ ಸೀಮೆಯಲ್ಲಿ ಊರಿಗೆ ಊರೇ ಬೀಗ ಹಾಕಿ ಹೊಲದಲ್ಲಿ ಉಣ್ಣುವ ದಿನ. ಹಾಸ್ಟೆಲಿನಲ್ಲಿ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ. ದಾರಿಯುದ್ದಕ್ಕೂ ಬಂಡಿಗಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಎದೆಯೆತ್ತರದ ಬಿಳಿಜೋಳದ ನಡುವೆ, ಜೋಳದ ದಂಟನ್ನೇ ಕಟ್ಟಿ ಗುಡಿಸಲಿನಂತೆ ಮಾಡಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟಿದ್ದರು. ಪೂಜೆಯಾದ ಮೇಲೆ ಅವರ ತಮ್ಮ ಹೊಲದ ಸುತ್ತ ಅನ್ನ ಎರಚುತ್ತಾ ಕೂಗುತ್ತಾ ಹೋದ. ಸಜ್ಜೆರೊಟ್ಟಿ, ಕಡುಬು, ಅಂಬಲಿ, ಹತ್ತೆಂಟು ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ. ಮುನ್ಶಿಯವರ ತಮ್ಮನ ಹೆಂಡತಿ, ಪಟ್ಟಣದಾಕಿಗೆ ಹಸಿವೇ ತಿಳಿಯದು ಎಂದು ಕಾಡುತ್ತಾ ಮೂರು ಸಲ ಬಡಿಸಿದಳು.

ಊಟದ ನಡುವೆಯೇ ಮುನ್ಶಿಯವರು ಎದ್ದು ಹೋಗಿ ಕಾರಿನಲ್ಲಿ ಬಗ್ಗಿ ಮೀಟರು ಓದಿದರು. ನಾನು ಎಂಜಲು ಕೈ ತೋರಿಸಿ ಮನೆಗೆ ಹೋಗಿ ಬರೆಯುತ್ತೇನೆ ಎಂದೆ. ಅವರು ಬಿಡಲಿಲ್ಲ. ಕೈ ತೊಳೆದು ಬಂದು ಕಾರಿನ ಮೂತಿಯ ಮೇಲೆ ಡೈರಿ ಇಟ್ಟು, ತಿರುಗಿ ಹೋಗುವ ದಾರಿಯನ್ನೂ ಕೂಡಿಸಿ, ಮೂವತ್ತೆಂಟು ಮೈಲು ಎಂದು ಬರೆದೆ. ಬೆರಳಿಗೆ ಇನ್ನೂ ಅಂಟಿದ್ದ ಭಜ್ಜಿಯ ಎಣ್ಣೆ ಆ ಸಾಲಿನ ಪಕ್ಕ ಒಂದು ದುಂಡನೆಯ ಕಲೆಯಾಯಿತು. ಏನು ಕೆಲಸ ಎಂದು ಬರೆಯಲಿ ಎಂದು ಕೇಳಿದೆ.

‘‘ಹೊಟ್ಟಿ ಕೆಲ್ಸ’’ ಎಂದರು. ‘‘ಖಾಸಗಿ ಅಂತ ಹಾಕ್ರಿ, ಸಾಕು.’’

ಮುಂದಿನ ವರ್ಷ ದಸರೆ ಮುಗಿದ ಮೇಲೆ ಆ ನೋಟೀಸು ಬಂತು. ಕಚೇರಿಗೆ ದಕ್ಷಿಣದ ಬೇರೆ ರಾಜ್ಯದಿಂದ ಹೊಸ ಅಧಿಕಾರಿ ಬಂದಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲವಾದ್ದರಿಂದ ಮೂಲ ಡೈರಿಯ ಜೊತೆ ಅದರ ಇಂಗ್ಲಿಷ್ ಪ್ರತಿಯೂ ಬೇಕಾಗಿತ್ತು. ಡೈರಿ ನಂಬುವಂತೆ ಇಲ್ಲವೆಂದರೆ ಖರ್ಚು ಒಂದನ್ನೂ ಬಿಡದೆ ಭತ್ಯೆಯೆಲ್ಲ ವರಮಾನ ಎಂದೇ ಹಿಡಿಯುತ್ತಾರೆ, ಹಿಂದಿನ ವರ್ಷಗಳನ್ನೂ ತೆಗೆಯಬಹುದು ಎಂದು ಮುನ್ಶಿಯವರು ಹೇಳಿದರು. ಹಾಗಾದರೆ ಕಾರು ಮಾರಬೇಕು, ಕಾರು ಹೋದರೆ ಹುದ್ದೆ ಹೋಯಿತು ಎಂದು ನಮ್ಮವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮುನ್ಶಿಯವರಿಗೆ ಮಾತ್ರ ಹೆದರಿಕೆ ಇರಲಿಲ್ಲ. ಅದರಲ್ಲಿ ಇರುವುದೆಲ್ಲ ನಡೆದದ್ದೇ ಅಲ್ಲವೇ, ಬಾಯಿಯ ಅಕ್ಷರದಲ್ಲಿ ಬರೆಸಿಕೊಡಿ ಸಾಕು ಎಂದರು.

ನಾಲ್ಕು ಮಧ್ಯಾಹ್ನ ಕುಳಿತು ಬರೆದೆ. ನಮ್ಮವರು ಆ ವಾರವೆಲ್ಲ ತಿರುಗಾಟದಲ್ಲಿದ್ದರು. ಆ ಚಳಿಗಾಲದ ಹಾಳೆಗಳಿಗೆ ಬಂದಾಗ ಖಾಸಗಿಯ ಸಾಲು ಎಣಿಸಿದೆ. ಕೈ ನಿಂತಿತು. ಅವ್ವನನ್ನು ನೋಡಲು ಹೋದದ್ದನ್ನು ಬದಲಿಸಲು ಮನಸ್ಸು ಬರಲಿಲ್ಲ. ಅವಳು ಅಷ್ಟರಲ್ಲಿ ತೀರಿಕೊಂಡಿದ್ದಳು. ಎಣ್ಣೆಯ ಕಲೆಯ ಪಕ್ಕದ ಸಾಲು ಕಂಡಿತು. ಮೋರಖಂಡಿ. ಅಲ್ಲಿಯ ಸೊಸೈಟಿಗೆ ನಮ್ಮವರು ನಿಜವಾಗಿಯೂ ಎಷ್ಟೋ ಸಲ ಹೋಗಿದ್ದರು. ಇದೂ ಒಂದು ಎಂದರೆ ಯಾರಿಗೆ ತಿಳಿಯುತ್ತದೆ? ಒಂದೇ ಒಂದು ಸಾಲು. ಇಂಗ್ಲಿಷಿನಲ್ಲಿ, ಸಿಸ್ಟರುಗಳು ಕಲಿಸಿದ ಗುಂಡಗಿನ ಅಕ್ಷರದಲ್ಲಿ, ಮೋರಖಂಡಿ, ಸೊಸೈಟಿಯ ಭೇಟಿ, ಕಂಪನಿ ಕೆಲಸ ಎಂದು ಬರೆದೆ.

ಡೈರಿಯಲ್ಲಿದ್ದದ್ದು ಇಂಗ್ಲಿಷ್ ತಾರೀಖು. ಆ ತಾರೀಖಿನ ಹಿಂದೆ ಒಂದು ಅಮಾವಾಸ್ಯೆ ಇದೆ, ನಮ್ಮ ಸೀಮೆಯವರು ಅದನ್ನು ಮರೆಯುವುದಿಲ್ಲ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಈ ಮಣ್ಣಿನಲ್ಲೇ ಹುಟ್ಟಿ ಬೆಳೆದ ಯಾವ ಹೆಂಗಸೂ ಆ ತಪ್ಪು ಮಾಡುತ್ತಿರಲಿಲ್ಲ.

ಈಗ ಆ ಬೆಳಗಿನ ಮುಕಾಬಲಾ. ಹಳೆಯ ಕಚೇರಿಗಳಲ್ಲಿ ನಕಲು ಮಾಡಿದ ಮೇಲೆ ಇಬ್ಬರು ಎದುರುಬದುರು ಕೂಡುತ್ತಿದ್ದರಂತೆ. ಒಬ್ಬ ನಕಲು ಓದಬೇಕು, ಇನ್ನೊಬ್ಬ ಮೂಲದ ಮೇಲೆ ಬೆರಳಿಟ್ಟುಕೊಂಡು ಕೇಳಬೇಕು. ಎರಡೂ ಕೂಡಿದರೆ ಹಾಳೆಯ ಕೆಳಗೆ ಸಹಿ. ಆ ಸಹಿ ಬಿದ್ದ ಮೇಲೆ ನಕಲಿನ ತಪ್ಪು ಬರೆದವನದಲ್ಲ, ಸಹಿ ಮಾಡಿದವನದು. ಮುನ್ಶಿಯವರು ಇದನ್ನು ಎಂದೂ ತಪ್ಪಿಸಿದವರಲ್ಲ.

ನಾನು ಪ್ರತಿ ಹಿಡಿದುಕೊಂಡು ಕನ್ನಡದಲ್ಲಿ ಓದುತ್ತಾ ಹೋದೆ. ಅವರು ಮೂಲ ಡೈರಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಬೆರಳು ಜಾರಿಸುತ್ತಿದ್ದರು. ಆಗಲೇ ಅವರ ಕಣ್ಣಿಗೆ ಪೊರೆ ಬರುತ್ತಿತ್ತು, ನನ್ನ ಪ್ರತಿಯ ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಹಾಳೆಗೆ ಹಾಳೆ ಕೂಡಿತು. ಆ ಸಾಲು ಬಂತು. ಅವರ ಬೆರಳು ಎಣ್ಣೆಯ ಕಲೆಯ ಮೇಲೆ ನಿಂತಿತು. ಅವರ ಮುಖದಲ್ಲಿ ನಗು ಮೂಡಿತು.

‘‘ಇದು ನಮ್ಮ ಹೊಲದ ಊಟ, ಬಾಯಿ. ಭಜ್ಜಿ ವಾಸನಿ ಇನ್ನಾ ಅದ ನೋಡ್ರಿ. ಹಾಂ, ಓದ್ರಿ.’’

ನನ್ನ ಹಾಳೆಯಲ್ಲಿ ಕಂಪನಿ ಕೆಲಸ ಎಂದಿತ್ತು. ನಾನು ಖಾಸಗಿ ಎಂದು ಓದಿದೆ.

ಅವರು ತಲೆಯಾಡಿಸಿದರು. ಬೆರಳು ಮುಂದಿನ ಸಾಲಿಗೆ ಇಳಿಯಿತು. ಆಗಲೂ ಹೇಳಬಹುದಿತ್ತು. ಒಂದು ಹಾಳೆ ಹರಿದು ಬೇರೆ ಬರೆಯಲು ಕಾಲು ಗಂಟೆ ಸಾಕಾಗುತ್ತಿತ್ತು. ಒಳಗೆ ನಮ್ಮವರು ಗಡ್ಡ ಮಾಡಿಕೊಳ್ಳುತ್ತಾ ಹೊತ್ತಾಯಿತು ಎನ್ನುತ್ತಿದ್ದರು. ಒಲೆಯ ಮೇಲೆ ಹಾಲಿತ್ತು. ನಾನು ಹಾಲಿನ ನೆಪ ಮಾಡಿ ಎದ್ದು ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಒಂದೊಂದೇ ಹಾಳೆಯ ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿ, ಪಕ್ಕದಲ್ಲಿ ನಾನೇ ತಿದ್ದಿಕೊಟ್ಟ ಇಂಗ್ಲಿಷಿನಲ್ಲಿ, ಮೂಲದ ಜೊತೆ ಓದಿ ನೋಡಿದ್ದೇನೆ ಎಂದು ಬರೆಯುತ್ತಿದ್ದರು. ಬರೆದು ಊದಿದರು, ಚಹಾಕ್ಕೆ ಊದಿದ ಹಾಗೆಯೇ.

ಕಾರು ಹೋಯಿತು. ನಾನು ರಂಗೋಲಿ ಮುಗಿಸಿದೆ. ತೊಗರಿಬೇಳೆ ಹಸನು ಮಾಡಿದೆ, ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದೆ. ಜಮಖಾನದ ಮೇಲೆ ಅವರು ಕೂತಿದ್ದ ಜಾಗದಲ್ಲಿ ಕಪ್ಪು ನೂಲಿನ ತುಂಡೊಂದು ಬಿದ್ದಿತ್ತು. ಎತ್ತಿ ಹೊಲಿಗೆಯ ಡಬ್ಬಿಯಲ್ಲಿ ಇಟ್ಟೆ.

ಹೊತ್ತು ಇಳಿಯುವಾಗ ಕಾರು ಬಂತು. ನಮ್ಮವರು ಮೊದಲು ಇಳಿದರು. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಕೆಲಸವಾಯಿತು ಎಂದರು. ಖುಷಿಯಾಗಿದ್ದರು, ಆದರೆ ದನಿ ಸಣ್ಣದಾಗಿತ್ತು. ಅಡುಗೆಮನೆಗೆ ಬಂದು ಎಲ್ಲ ಹೇಳಿದರು.

ಅಧಿಕಾರಿ ಒಳ್ಳೆಯ ಮನುಷ್ಯ. ಪ್ರತಿಯನ್ನು ತಿರುವುತ್ತಾ ಅಕ್ಷರ ಚಂದ ಇದೆ ಎಂದರಂತೆ. ಪಕ್ಕದಲ್ಲಿ ನಿಂತು ತಾರೀಖು ನೋಡುತ್ತಿದ್ದ ಗುಮಾಸ್ತ ಚಿಟಗುಪ್ಪದ ಕಡೆಯವನು. ಆ ತಾರೀಖಿನಂದು ತಾನೇ ರಜೆ ಹಾಕಿ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ, ಆ ದಿನ ಮೋರಖಂಡಿಯಲ್ಲಿ ಯಾವ ಸೊಸೈಟಿ ತೆರೆದಿತ್ತು, ಒಳಗೆ ಯಾರಿದ್ದರು ಎಂದು ಕೇಳಿದನಂತೆ. ಅಂಗಳದಲ್ಲಿ ಸರದಿಗೆ ಕಾಯುತ್ತಿದ್ದ ನಮ್ಮ ಕಡೆಯ ವ್ಯಾಪಾರಸ್ಥರು ಕಿಟಕಿಯಲ್ಲಿ ಇಣುಕಿ ನಕ್ಕರು. ಅಧಿಕಾರಿ ಮೂಲ ತೆಗೆಯಲು ಹೇಳಿದರು. ಮುನ್ಶಿಯವರು ಡೈರಿ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. ಗುಮಾಸ್ತ ಪ್ರತಿಯ ಸಾಲನ್ನು ಗಟ್ಟಿಯಾಗಿ ಓದಿದ. ಮುನ್ಶಿಯವರು ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲವಂತೆ.

‘‘ಆಮ್ಯಾಲ ಎದ್ದ ನಿಂತ್ರು ನೋಡು’’ ಎಂದರು ನಮ್ಮವರು. ‘‘ಬಾಯಿ ನಾ ಹೇಳಿದ್ದ ಬರದಾರ, ಹೇಳೂದು ನನ್ನ ತಪ್ಪ ಆಗ್ಯಾದ. ಮುಕಾಬಲಾನೂ ನಾನೇ ಮಾಡೀನಿ, ಸಹಿ ನಂದೇ ಅದ. ಕಣ್ಣ ಸರಿ ಇಲ್ಲ ಸಾಹೇಬ್ರ ಅಂದ್ರು.’’

ಅಧಿಕಾರಿ ಗುಮಾಸ್ತನಿಂದ ಮೂಲ ಡೈರಿಯನ್ನು ಓದಿಸಿದರಂತೆ. ಒಂದೊಂದು ದಿನಕ್ಕೆ ಒಂದೊಂದು ಪೆನ್ಸಿಲು, ಕಲೆಗಳು, ತಿದ್ದಿದ ಗುರುತುಗಳು, ಹೆಜ್ಜೆಹೆಜ್ಜೆಗೆ ಖಾಸಗಿ. ಇಷ್ಟು ಖಾಸಗಿ ಬರೆದುಕೊಂಡವರು ಸುಳ್ಳು ಬರೆದಿರಲಾರರು ಎಂದು ಮೂಲದ ಪ್ರಕಾರವೇ ಖರ್ಚು ಬಿಟ್ಟುಕೊಟ್ಟರು. ಅಂದರೆ ನಾನು ಏನನ್ನೂ ಬದಲಿಸದೆ ಸುಮ್ಮನಿದ್ದರೂ ಅಷ್ಟೇ ಸಿಗುತ್ತಿತ್ತು. ಹೊರಡುವಾಗ ಅಧಿಕಾರಿ ಮುನ್ಶಿಯವರಿಗೆ ಒಳ್ಳೆಯ ಮಾತಿನಲ್ಲೇ, ಇನ್ನು ಮುಂದೆ ಕಾಗದದ ಕೆಲಸ ಕಣ್ಣು ಇದ್ದವರ ಕೈಗೆ ಕೊಡಿ ಎಂದರಂತೆ. ಅದು ಅಂಗಳದವರೆಗೂ ಕೇಳಿಸಿತು.

ಮುನ್ಶಿಗೆ ವಯಸ್ಸಾಯಿತು ಎಂದು ನಮ್ಮವರು ಬಾಳೆಹಣ್ಣು ಬುಟ್ಟಿಯಲ್ಲಿಟ್ಟರು. ನಾನು ಪೆನ್ಸಿಲು ಎತ್ತಿಕೊಂಡೆ.

ಹೊರಗೆ ಬಂದೆ. ಅವರು ಕಾರಿನಲ್ಲಿ ಬಗ್ಗಿ ಮೀಟರು ಓದುತ್ತಿದ್ದರು. ನಾನು ಡೈರಿ ತೆರೆದು ನಿಂತೆ. ಅಂಕಿ ಹೇಳಿದರು, ಬರೆದೆ. ಹುಮನಾಬಾದಿನಿಂದ ಗುಲ್ಬರ್ಗಾ, ತಿರುಗಿ ಹುಮನಾಬಾದು ಎಂದು ಬರೆದೆ. ಕೊನೆಯ ಮನೆಗೆ ಬಂದಾಗ ಕೈ ನಿಂತಿತು. ತೆರಿಗೆಯ ಕೆಲಸ ಕಂಪನಿಯದೋ ನಮ್ಮದೋ ನನಗೆ ಗೊತ್ತಾಗಲಿಲ್ಲ. ಅವರು ಕನ್ನಡಕ ತೆಗೆದು ನೂಲು ಸುತ್ತಿ ಜೇಬಿಗೆ ಹಾಕಿಕೊಂಡರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

‘‘ಇವತ್ತಿಂದು ಖಾಸಗಿ ಬರೀರಿ, ಬಾಯಿ’’ ಎಂದರು.

ಯಾಕೆ ಹಾಗೆ ಮಾಡಿದಿರಿ ಎಂದು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಮ್ಮವರು ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ಓಡಿಬಂದರು. ಅವರು ಕೈ ಎತ್ತಿ ಬೇಡ ಎಂದು ನಡೆದುಬಿಟ್ಟರು. ಓಣಿಯ ತಿರುವಿನಲ್ಲಿ ಒಂದು ಕಲ್ಲು ಎಡವಿದರು. ಕನ್ನಡಕ ಜೇಬಿನಲ್ಲೇ ಇತ್ತು.

ಮುಂದಿನ ತಿಂಗಳ ಮೊದಲ ದಿನ ಬಂದು ಮೀಟರು ಓದಿ ಹೋದರು. ಮೂರನೆಯ ತಿಂಗಳಿಂದ ಬರಲಿಲ್ಲ. ನಮ್ಮ ಕಾಗದವನ್ನು ನಮ್ಮವರು ಗುಲ್ಬರ್ಗಾದ ಒಬ್ಬ ವಕೀಲರಿಗೆ ಕೊಟ್ಟರು; ನಾನು ಬೇಡವೆನ್ನಲಿಲ್ಲ. ಮುನ್ಶಿಯವರ ಕಟ್ಟೆಯ ಮೇಲಿನ ತಗಡಿನ ಟ್ರಂಕು ಒಳಗೆ ಹೋಯಿತು ಎಂದು ಬಸವಕಲ್ಯಾಣದಿಂದ ಬಂದವರು ಹೇಳಿದರು. ಕೆಲವು ವರ್ಷಗಳ ಮೇಲೆ ಕಾಯ್ದೆಯೇ ಬದಲಾಗಿ ಡೈರಿ ಬರೆಯುವ ಗೋಜೂ ಉಳಿಯಲಿಲ್ಲ. ನಮ್ಮವರಿಗೆ ನಾನು ನಿಜ ಹೇಳುವ ಹೊತ್ತಿಗೆ ಕಾರು ಮಾರಿ ಎಷ್ಟೋ ಕಾಲವಾಗಿತ್ತು. ಅವರು ಒಮ್ಮೆ ಹೋಗಿ ಮುನ್ಶಿಯವರನ್ನು ಕಂಡು ಬರೋಣ ಎಂದರು.

ಮುನ್ಶಿಯವರು ಆಗ ಮೋರಖಂಡಿಯಲ್ಲಿ ತಮ್ಮನ ಮನೆಯಲ್ಲೇ ಇದ್ದರು, ಹೊರಗಿನ ಹೊರಸಿನ ಮೇಲೆ ಕುಳಿತಿದ್ದರು. ಕಣ್ಣಿನ ಆಪರೇಷನ್ ಆಗಿತ್ತು, ಎರಡೂ ಕಡ್ಡಿ ಇದ್ದ ದಪ್ಪ ಗಾಜಿನ ಕನ್ನಡಕ ಬಂದಿತ್ತು. ನನ್ನ ದನಿಗೇ ಗುರುತು ಹಿಡಿದು, ಯಾವ ಗಾಡಿಯಲ್ಲಿ ಬಂದಿರಿ ಎಂದು ಮೊದಲು ಅದನ್ನೇ ಕೇಳಿದರು. ಬಸ್ಸಿನಲ್ಲಿ ಎಂದೆ. ಚಹಾ ಬಂತು, ಬಸಿಗೆ ಸುರುವಿಕೊಂಡು ಊದಿದರು. ನಾನು ಮಾತು ತೆಗೆದೆ. ಆ ಬೆಳಿಗ್ಗೆ ಮುಕಾಬಲಾ ಮಾಡುವಾಗ ಎಂಬಲ್ಲಿಗೆ ಬಂದಿದ್ದೆ.

‘‘ಅದು ಅವತ್ತೇ ಆಗಿ ಹೋಗ್ಯಾದ, ಬಾಯಿ. ಆಗಿದ್ದು ಎರಡ್ ಸಲ ಮಾಡೂ ದಸ್ತೂರ ಇಲ್ಲ’’ ಎಂದರು. ಆಮೇಲೆ, ಈಗಲೂ ಕನ್ನಡ ಬರೆಯುತ್ತೀರೋ ಇಲ್ಲವೋ ಎಂದು ಕೇಳಿದರು.

ಅವರು ಕ್ಷಮಿಸಿದರೋ, ಮಾತು ಬೇಡವೆಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಹೇಳಿದರೆ ಸಾಕಿತ್ತೇ? ಅವರ ಹೆಸರು ಹೋದದ್ದು ಪೇಟೆಯಲ್ಲಿ. ಅಲ್ಲಿ ನಾನು ಒಬ್ಬರಿಗೂ ಹೇಳಲಿಲ್ಲ. ಎಂಬತ್ತನೇ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ನಮಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಲಿಗೆಯ ಡಬ್ಬಿಯಲ್ಲಿದ್ದ ಕಪ್ಪು ನೂಲನ್ನು ಆ ದಿನ ತೆಗೆದು ನೋಡಿದೆ. ಮತ್ತೆ ಅಲ್ಲೇ ಇಟ್ಟೆ.

ಆದರೆ ಅವರು ಹೋದ ದಿನಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಗುಲ್ಬರ್ಗಾದಿಂದ ಕಾರು ಬಂದ ಆ ಸಂಜೆಯೇ. ಹೇಳುವುದಿದ್ದರೆ ಆಗ ಹೇಳಬೇಕಿತ್ತು, ಇನ್ನೂ ಮಾತು ಒಂದು ಓಣಿಯನ್ನೂ ದಾಟಿರಲಿಲ್ಲ. ಮುನ್ಶಿಯವರು ತಿರುವು ದಾಟಿ ಕಾಲು ಗಂಟೆಯೂ ಆಗಿರಲಿಲ್ಲ. ನಾನು ಡೈರಿ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದೆ. ಪಕ್ಕದ ಮನೆಯ ಎಣ್ಣೆ ಅಂಗಡಿಯವರ ಹೆಂಡತಿ ನಡುಗೋಡೆಯ ಮೇಲೆ ಒಂದು ಬಟ್ಟಲು ಇಟ್ಟು ಇಣುಕಿದಳು. ಅವಳ ಗಂಡ ಅದೇ ಕಚೇರಿಯ ಅಂಗಳದಲ್ಲಿ ಕಾಯುತ್ತಿದ್ದವರಲ್ಲಿ ಒಬ್ಬ, ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟಿದ್ದ. ನಾನು ಬಟ್ಟಲು ತೆಗೆದುಕೊಂಡೆ. ಒಂದೇ ಒಂದು ಮಾತು, ಅದು ನಾನು ಬರೆದದ್ದು ಎಂದರೆ ಆಗಿತ್ತು. ಅಂದುಕೊಂಡೇ ಒಳಗೆ ಹೋಗಿ, ಮೊಸರು ಹಾಕಿಕೊಂಡು ಬಂದು ಅವಳ ಕೈಗೆ ಕೊಟ್ಟೆ. ಅವಳು ಬಟ್ಟಲು ಓರೆ ಮಾಡಿ ಮೊಸರು ಗಟ್ಟಿ ಇದೆಯೋ ನೋಡಿದಳು.

‘‘ಸಾಕ್ರಿ ವೈನಿ, ಹೆಪ್ಪಿಗಿ ಇಷ್ಟ ಸಾಕು. ನಿಮ್ಮ ಮುನ್ಶಿಗಿ ಎಳ್ಳ ಅಮಾಸಿನೂ ಕಾಣಂಗಿಲ್ಲಂತಲ್ಲ. ನಮ್ಮನಿಯವ್ರು ನಾಳೀನೇ ಅವ್ರ ಕಡಿಂದ ನಮ್ಮ ಕಾಗದಾ ವಾಪಸ್ ತರಸ್ಕೋತಾರಂತ.’’